ಅಜ್ಜಿಯ ಕಾಯಂ ವಿಳಾಸ

ಉತ್ತರ ಚಿಲಿಯ ಆರೋಗ್ಯ ಕೇಂದ್ರಗಳಿಗೆ ರೋಗಿಗಳ ನೋಂದಣಿ ಫಾರ್ಮ್ ಬೇಕಿತ್ತು. ಬೆಂಗಳೂರಲ್ಲಿ ಕೂತು ನಾನೇ ಮಾಡಿದೆ. ಕಾಯಂ ವಿಳಾಸ ಒಂದೇ, ಅದೂ ಕಡ್ಡಾಯ.

ಟೆಸ್ಟಿಂಗ್ ದಿನ ಅಲ್ಲಿನ ನರ್ಸ್ ಒಬ್ಬರು ವಿಡಿಯೊ ಕಾಲ್‌ನಲ್ಲಿ ಕೇಳಿದರು: "ಈ ಅಜ್ಜಿಗೆ ಯಾವ ವಿಳಾಸ ಹಾಕಲಿ?" ಅಜ್ಜಿ ಐಮಾರಾ, ಅಲ್ಲಿನ ಬೆಟ್ಟಗಾಡಿನ ಮೂಲನಿವಾಸಿ ಜನ. ಉಣ್ಣೆಗೆ ಸಾಕುವ ಅಲ್ಪಾಕ ಪ್ರಾಣಿಗಳನ್ನು ಮೇಯಿಸುವುದು ಚಿಲಿ, ಪೆರು, ಬೊಲಿವಿಯಾ ಮೂರೂ ಸೇರುವ ವಿಸ್ವಿರಿ ಹತ್ತಿರ. ಮಗನ ಮನೆ ಕೆಳಗೆ, ಚಿಲಿಯ ಕರಾವಳಿಯ ಅರಿಕಾದಲ್ಲಿ. ತಂಗಿ ಇರೋದು ಗಡಿಯಾಚೆ, ಬೊಲಿವಿಯಾದ ಚರಾನ್ಯಾದಲ್ಲಿ. ಅಜ್ಜಿಗೆ ಮೂರೂ ಮನೆಯೇ.

ಗಡಿ ಆಮೇಲೆ ಬಂದಿದ್ದು. 1879ರಲ್ಲಿ ಶುರುವಾದ ಯುದ್ಧಕ್ಕೆ ಮುಂಚೆ ಅರಿಕಾ, ಪಕ್ಕದ ತಕ್ನಾ ಎರಡೂ ಪೆರುವಿನವು. ಯುದ್ಧದಲ್ಲಿ ಚಿಲಿ ಎರಡನ್ನೂ ಹಿಡಿಯಿತು. 1929ರಲ್ಲಿ ತಕ್ನಾ ಪೆರುವಿಗೆ ವಾಪಸ್ ಹೋಯಿತು, ಅರಿಕಾ ಚಿಲಿಗೇ ಉಳಿಯಿತು. ಐಮಾರಾ ಜನ ಮಾತ್ರ ಅದಕ್ಕೂ ಎಷ್ಟೋ ಮುಂಚಿನಿಂದ ಮೇಲೆ ಪ್ರಾಣಿ ಮೇಯಿಸಿ, ಕೆಳಗಿನ ಕಣಿವೆಯಿಂದ ಮೆಕ್ಕೆಜೋಳ ತರುತ್ತಿದ್ದವರು.

ವಿಳಾಸದ ತಪ್ಪನ್ನು ಅರ್ಧ ಗಂಟೆಯಲ್ಲಿ ಸರಿ ಮಾಡಿದೆ. ಜಾಸ್ತಿ ಕಾಡಿದ್ದು 'ಹಿಂದಿನ ಚಿಕಿತ್ಸೆ' ಅನ್ನುವ ಕಾಲಂ. ಆಸ್ಪತ್ರೆ, ಕ್ಲಿನಿಕ್, ಇಲ್ಲ. ಅಷ್ಟೇ ಆಯ್ಕೆ. ಅಜ್ಜಿಯ ಹೆಸರಿನ ಮುಂದೆ 'ಇಲ್ಲ' ಬಿದ್ದಿತ್ತು. ನಿಜದಲ್ಲಿ ಅವರು ಗಡಿ ದಾಟಿ ಯಾತಿರಿ ಹತ್ತಿರ ಹೋಗಿ ಬಂದಿದ್ದರು. ಯಾತಿರಿ ಅಂದರೆ 'ತಿಳಿದವರು'. ಕೋಕಾ ಎಲೆ ಹಾಸಿ ನೋಡಿ ಹೇಳುತ್ತಾರೆ. ಬೇರು, ಸೊಪ್ಪಿನ ಔಷಧಿ ಕೊಡುವವರು ಕುಲ್ಲಿರಿ. ಸೂಲಗಿತ್ತಿ ಉಸುಯಿರಿ. ನಾನು ಇವರನ್ನೆಲ್ಲ ಲೆಕ್ಕಕ್ಕೇ ತಗೊಂಡಿರಲಿಲ್ಲ.

"ಅಲ್ಲೇ ಯಾಕೆ ಹೋದರು, ಈಚೆಗೆ ಯಾರೂ ಇಲ್ವಾ?" ಅಂತ ಕೇಳಿದೆ. ನರ್ಸ್ ನಕ್ಕರು. ಅಜ್ಜಿ ಬೆಚ್ಚಿಬಿದ್ದಿದ್ದು ಅಲ್ಲೇ, ತಂಗಿ ಮನೆ ದಾರಿಯಲ್ಲಿ. ಹಾಗೆ ಬೆಚ್ಚಿದಾಗ ಅಹಾಯು, ಅಂದರೆ ಜೀವ ಅನ್ನಬಹುದೇನೋ, ಆ ಜಾಗದಲ್ಲೇ ಉಳಿದುಬಿಡುತ್ತದೆ ಅನ್ನೋದು ಅವರ ನಂಬಿಕೆ. ಹೆಸರು ಹಿಡಿದು ಅದನ್ನು ವಾಪಸ್ ಕರೀಬೇಕು. ನಮ್ಮಲ್ಲಿ ಮಗು ಬೆಚ್ಚಿದರೆ ದೃಷ್ಟಿ ತೆಗೆದು ತಾಯಿತ ಕಟ್ಟುತ್ತಾರಲ್ವಾ, ಅದನ್ನು ಎಲ್ಲಿ ಬೇಕಾದರೂ ಮಾಡಬಹುದು. ಇಲ್ಲಿ ಜಾಗ ಮುಖ್ಯ. ಬೆಟ್ಟಗಳೂ ಅಷ್ಟೇ. ಅವರಿಗೆ ಅವು ಅಚಾಚಿಲ, ಅಜ್ಜಂದಿರು. ಬೊಲಿವಿಯಾದ 6,542 ಮೀಟರ್ ಎತ್ತರದ ಸಹಾಮ ಚಿಲಿ ಕಡೆಯಿಂದಲೂ ಕಾಣುತ್ತದೆ. ಅಜ್ಜನಿಗೆ ಎಲ್ಲಿಯ ಪಾಸ್‌ಪೋರ್ಟ್?

ನಾನು ಜಾಗ ಕೇಳಿದ್ದು ಅಂಚೆಯವರಿಗೆ ಬೇಕಾಗುವ ಲೆಕ್ಕದಲ್ಲಿ.

ನರ್ಸ್ ಕೊಟ್ಟ ಹೆಸರುಗಳನ್ನು ಪಟ್ಟಿಗೆ ಸೇರಿಸಿದೆವು. 'ಎಲ್ಲಿ ಶುರುವಾಯಿತು?' ಅಂತ ಒಂದು ಖಾಲಿ ಜಾಗವನ್ನೂ ಇಟ್ಟೆವು. ರಿಪೋರ್ಟ್ ಹಾಳಾಗುತ್ತೆ ಅಂತ ನಮ್ಮ ಲೀಡ್ ಗೊಣಗಿದರು. ಅವರು ಹೇಳಿದ್ದರಲ್ಲೂ ಸುಳ್ಳಿಲ್ಲ, ಎಣಿಸೋಕೆ ಕಷ್ಟವೇ.

ವಾರದ ಮೇಲೆ ನರ್ಸ್‌ರಿಂದ ಮತ್ತೊಂದು ದೂರು. ಆ ಖಾಲಿ ಜಾಗಕ್ಕೆ ನಾನು 50 ಅಕ್ಷರದ ಮಿತಿ ಹಾಕಿದ್ದೆ. ಅಜ್ಜಿ ಇನ್ನೂ ಬೆಟ್ಟದ ಹೆಸರನ್ನೇ ಹೇಳಿ ಮುಗಿಸಿರಲಿಲ್ಲವಂತೆ.