ಸಬ್ಸಿಡಿ ಕೇಳುವ ಮೊದಲು ಸರ್ವೆ ನಂಬರ್ ಕೇಳಿ

ಹೊರದೇಶದ ಕಂಪನಿಯೊಂದು ಕೋಲಾರದ ಕಡೆ ಬರುತ್ತಿದೆ ಎಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸಬ್ಸಿಡಿ ಮೇಲೆ. ಸರ್ಕಾರದ ಕೈಪಿಡಿಯೂ ಅದನ್ನೇ ದಪ್ಪಕ್ಷರದಲ್ಲಿ ಹಾಕುತ್ತದೆ. ನರಸಾಪುರ, ವೇಮಗಲ್, ಮಾಲೂರಿನಲ್ಲಿ ಇಂಥ ಕಂಪನಿಗಳ ಕಡತ ಹೊತ್ತು ಓಡಾಡುವ ನಮ್ಮ ಕಸುಬಿನ ಲೆಕ್ಕ ಬೇರೆ. ಸಬ್ಸಿಡಿ ಸಾಲದೆ ಕೈಬಿಟ್ಟವರಿಗಿಂತ ಖರಾಬು ಜಮೀನಿನಲ್ಲಿ, ನೀರಿನ ಅಂದಾಜಿನಲ್ಲಿ, ತಪ್ಪು ವೀಸಾದಲ್ಲಿ ತಿಂಗಳುಗಟ್ಟಲೆ ಕಳೆದುಕೊಂಡವರೇ ಜಾಸ್ತಿ. ಇದರಲ್ಲಿ ಬಹುಪಾಲು, ಯಾವ ಕಾಗದ ಯಾವುದಕ್ಕಿಂತ ಮೊದಲು ಬರಬೇಕು ಎಂಬುದನ್ನು ತಿಳಿಯದೆ ಆಗುವ ನಷ್ಟ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾವು ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇವೆ.

ಜಮೀನಿನಿಂದಲೇ ಶುರು ಮಾಡೋಣ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಜಾಗವಾದರೆ 'ನೋಟಿಫೈ ಆಗಿದೆ ಸಾರ್' ಎಂಬ ಮಾತಿಗೆ ತಲೆಯಾಡಿಸಬೇಡಿ. ಯಾವ ಕಲಂ ಅಡಿ ಆಗಿದೆ ಎಂದು ಕೇಳಿ. 1966ರ ಕೆಐಎಡಿ ಕಾಯ್ದೆಯಲ್ಲಿ 28(1) ಎಂದರೆ ಪ್ರಾಥಮಿಕ ಅಧಿಸೂಚನೆ ಮಾತ್ರ. ರೈತರ ಆಕ್ಷೇಪಣೆ ಕೇಳುವುದು ಇನ್ನೂ ಬಾಕಿ. 28(4) ಅಂತಿಮ ಅಧಿಸೂಚನೆ ಹೊರಟ ಮೇಲೆ ಜಮೀನು ಸರ್ಕಾರದ್ದಾಗುತ್ತದೆ. ಸ್ವಾಧೀನ ಪಡೆದು 28(8)ರಲ್ಲಿ ಮಂಡಳಿಗೆ ಒಪ್ಪಿಸಿದ ಮೇಲಷ್ಟೇ ನಿಮ್ಮ ಕಂಪನಿಗೆ ಹಂಚಲು ಅಲ್ಲಿ ಏನಾದರೂ ಇದೆ ಎಂದರ್ಥ. ಟೋಕಿಯೊದಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ಕೂತವರಿಗೆ ನಕ್ಷೆಯ ಮೇಲೆ ಕೆಂಪು ಗೆರೆ ಕಂಡರೆ ಸಾಕು, ಜಾಗ ಸಿಕ್ಕಿತೆಂದೇ ಭಾವಿಸಿ ಬೋರ್ಡ್ ಮೀಟಿಂಗಿನಲ್ಲಿ ಉತ್ಪಾದನೆಯ ದಿನಾಂಕ ಗೊತ್ತು ಮಾಡಿಬಿಡುತ್ತಾರೆ. ಆ ಗೆರೆ ಎಷ್ಟನೇ ಕಲಮಿನದು ಎಂದು ಮೊದಲನೇ ಇಮೇಲಿನಲ್ಲೇ ಬರೆದು ತಿಳಿಸಿ.

28(4) ಆದ ಮೇಲೂ ಸ್ಥಳಕ್ಕೆ ಹೋಗಿ ನೋಡಿ. ಪರಿಹಾರದ ವ್ಯಾಜ್ಯ ಇದ್ದರೆ ಹೊಲದಲ್ಲಿ ಬೆಳೆ ನಿಂತಿರುತ್ತದೆ. ಮಾಲ್ಕಿ ಪರಿಹಾರ, ಅಂದರೆ ಮರ, ಕೊಳವೆಬಾವಿ, ಪಂಪ್‌ಹೌಸಿನ ಬೆಲೆ ಕಟ್ಟುವುದು ಬಾಕಿ ಇದ್ದರೂ ಜೆಸಿಬಿ ಒಳಗೆ ಬಿಡುವುದಿಲ್ಲ. ಬಿಡದೆ ಇರುವುದರಲ್ಲಿ ರೈತರ ತಪ್ಪೂ ಇಲ್ಲ. ಮುಂದಿನ ಕ್ರಮ ಹೀಗೆ: ಹಂಚಿಕೆ ಪತ್ರ, ಹಣ ಪಾವತಿ, ಸ್ವಾಧೀನ ಪತ್ರ, ಲೀಸ್ ಕಂ ಸೇಲ್ ಕರಾರು, ಆಮೇಲೆ ಕಟ್ಟಡ ನಕ್ಷೆ. ಕೆಐಎಡಿಬಿ ಬಡಾವಣೆಯೊಳಗೆ ನಕ್ಷೆ ಮಂಜೂರು ಮಾಡುವುದೂ ಮಂಡಳಿಯೇ, ಗ್ರಾಮ ಪಂಚಾಯಿತಿಯಲ್ಲ. ಹಂಚಿಕೆ ಪತ್ರದಲ್ಲಿ ಹಣ ಕಟ್ಟಲು ಗಡುವು ಇರುತ್ತದೆ. ಹೊರದೇಶದಿಂದ ದುಡ್ಡು ಬರುವುದು, ಬ್ಯಾಂಕಿನವರು ಅದರ ಉದ್ದೇಶ ಕೇಳುವುದು, ಎಲ್ಲ ಸೇರಿ ಆ ಗಡುವು ಮೀರುವುದು ಇಲ್ಲಿ ಮಾಮೂಲು. ಪತ್ರ ಕೈಗೆ ಬರುವ ಮೊದಲೇ ಕಂಪನಿಯ ಖಾತೆ ತೆರೆದಿರಬೇಕು.

ಖಾಸಗಿ ಜಮೀನಾದರೆ ಕೆಲಸ ಹತ್ತು ಪಟ್ಟು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ದರಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರ್ಕಾರದಿಂದ, ಮಂಜೂರಾದ ಜಮೀನು ಎಲ್ಲಿ ನೋಡಿದರೂ ಸಿಗುತ್ತದೆ. ಪಹಣಿಯಲ್ಲಿ ಈಗಿನ ಮಾಲೀಕರ ಹೆಸರು ಚೊಕ್ಕಟವಾಗಿರಬಹುದು. ಮೂಲ ಮಂಜೂರಾತಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಆಗಿದ್ದರೆ ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ಅಸಿಂಧು. 2023ರ ತಿದ್ದುಪಡಿಯ ನಂತರ ಕಾಲಮಿತಿಯ ಆಸರೆಯನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ಹಾಗಾಗಿ 30 ವರ್ಷದ ಋಣಭಾರ ಪತ್ರ (ಇ.ಸಿ.) ಮಾತ್ರ ತೆಗೆಸಿ ಸುಮ್ಮನಾಗಬೇಡಿ. ಸಾಗುವಳಿ ಚೀಟಿ, ಮೂಲ ಮಂಜೂರಾತಿ ಕಡತ, ಕೈಬರಹದ ಹಳೇ ಪಹಣಿ, ಆಕಾರಬಂದ್, ಟಿಪ್ಪಣಿಯಂಥ ಸರ್ವೆ ದಾಖಲೆ ಎಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ದೃಢೀಕರಿಸಿ ತನ್ನಿ. ಸರ್ವೆ ನಂಬರ್ ಪೋಡಿ (ಅಳತೆ ಮಾಡಿ ಬೇರ್ಪಡಿಸುವುದು) ಆಗಿದೆಯೋ ಇಲ್ಲವೋ ನೋಡಿ. ಬಿ ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಜಾಗ. ಅದನ್ನು ಯಾರೂ ನಿಮಗೆ ಮಾರಲಾರರು. 20 ಎಕರೆ ನಡುವೆ 6 ಗುಂಟೆ ಬಂಡಿದಾರಿ ಸೀಳಿಕೊಂಡು ಹೋಗಿದ್ದರೆ ಆ ಆರು ಗುಂಟೆಯೇ ಇಡೀ ನಕ್ಷೆಯನ್ನು ಎರಡು ಹೋಳು ಮಾಡುತ್ತದೆ. ವಿದೇಶಿ ಆರ್ಕಿಟೆಕ್ಟ್‌ಗೆ ಗೂಗಲ್ ಚಿತ್ರದಲ್ಲಿ ಅದು ಬರೀ ಮಣ್ಣುದಾರಿ.

ಜಾಗ ಖಚಿತವಾದ ಮೇಲೆ ಅರ್ಜಿ. 2002ರ ಕೈಗಾರಿಕೆಗಳ (ಸೌಲಭ್ಯ) ಕಾಯ್ದೆಯಂತೆ 15 ಕೋಟಿ ರೂ. ತನಕದ ಯೋಜನೆಯನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ನೋಡುತ್ತದೆ. ಕಡತ ಇರುವುದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ. ಅದರ ಮೇಲೆ 500 ಕೋಟಿ ತನಕ ರಾಜ್ಯ ಮಟ್ಟದ ಏಕಗವಾಕ್ಷಿ ಸಮಿತಿ, ಅದಕ್ಕೂ ಮೇಲಿನದು ಮುಖ್ಯಮಂತ್ರಿಗಳ ಉನ್ನತ ಮಟ್ಟದ ಸಮಿತಿ. ರಾಜ್ಯ ಮಟ್ಟದ ಕಡತಗಳಿಗೆ ಕರ್ನಾಟಕ ಉದ್ಯೋಗ ಮಿತ್ರವೇ ಬಾಗಿಲು. ಗವಾಕ್ಷಿ ಒಂದೇ ಇದ್ದರೂ ಅದರ ಹಿಂದೆ ಕೂತಿರುವ ಇಲಾಖೆಗಳು ಬೇರೆ ಬೇರೆ ಎಂಬುದನ್ನು ಗ್ರಾಹಕರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಮಿತಿ ಮುಂದೆ ಹೋಗುವ ವಿವರವಾದ ಯೋಜನಾ ವರದಿ, ಅಂದರೆ ಡಿಪಿಆರ್‌ನಲ್ಲಿ ನಾಲ್ಕು ಅಂಕಿ ಮುಖ್ಯ: ಎಷ್ಟು ಎಕರೆ, ಎಷ್ಟು ಕೆವಿಎ ಕರೆಂಟು, ಎಷ್ಟು ನೀರು, ಎಷ್ಟು ಜನ. ಈ ನಾಲ್ಕೂ ಒಂದಕ್ಕೊಂದು ತಾಳೆಯಾಗಬೇಕು. ತಪ್ಪುವುದು ನೀರಿನಲ್ಲಿ. ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರನಿಗೆ ದಿನಕ್ಕೆ 45 ಲೀಟರ್ ಎಂಬುದು ರೂಢಿಯ ಮಾನದಂಡ. 3,000 ಜನಕ್ಕೆ 135 ಕಿಲೋಲೀಟರ್ ಎಂದು ಬರೆದು ಕೊಡುತ್ತಾರೆ. ಅದೇ 3,000 ಜನರಿಗೆ ಹಾಸ್ಟೆಲ್ ಕಟ್ಟಿಸುತ್ತೇವೆ ಎಂದು ಇನ್ನೊಂದು ಪುಟದಲ್ಲಿರುತ್ತದೆ. ವಾಸಕ್ಕೆ ತಲಾ 135 ಲೀಟರ್ ಹಿಡಿದರೆ ಅದೇ 405 ಕಿಲೋಲೀಟರ್. ಕ್ಯಾಂಟೀನು, ಕೂಲಿಂಗ್ ಟವರ್, ಪೇಂಟ್ ಶಾಪ್ ಇನ್ನೂ ಸೇರಿಲ್ಲ. ಕೇಳಿದ್ದು 135, ಬೇಕಾಗಿದ್ದು ನಾಲ್ಕು ಪಟ್ಟು. ಆಮೇಲೆ ಹೆಚ್ಚುವರಿ ನೀರಿಗಾಗಿ ತಿದ್ದುಪಡಿ ಹಾಕಿದರೆ ಕಡತ ಮತ್ತೆ ಸಮಿತಿಗೆ ಹೋಗುತ್ತದೆ, ಮಾಲಿನ್ಯ ಮಂಡಳಿಯ ಸ್ಥಾಪನಾ ಸಮ್ಮತಿಯೂ ಬದಲಾಗಬೇಕು, ಕೊಳಚೆ ನೀರು ಶುದ್ಧೀಕರಣ ಘಟಕದ (ಎಸ್‌ಟಿಪಿ) ಅಳತೆಯೂ ಬದಲಾಗಬೇಕು.

ಕೋಲಾರಕ್ಕೆ ಸದಾ ಹರಿಯುವ ನದಿ ಇಲ್ಲ. ಅಂತರ್ಜಲ ಅತಿ ಬಳಕೆಯಾದ ಜಿಲ್ಲೆ ಇದು. ಬೋರ್ ಕೊರೆದರಾಯಿತು ಎನ್ನುವ ಉಪಾಯ ಡಿಪಿಆರ್‌ನಲ್ಲಿ ನಡೆಯುವುದಿಲ್ಲ. ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು, ಅದು ಸಿಗುವುದೂ ಸುಲಭವಿಲ್ಲ. 2018ರಿಂದ ಬರುತ್ತಿರುವ ಕೆ.ಸಿ. ವ್ಯಾಲಿ ನೀರು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಕೆರೆ ತುಂಬಿಸಿ ಅಂತರ್ಜಲ ಏರಿಸುವುದಕ್ಕೆ ಮಾಡಿದ್ದು. ಊರ ಕೆರೆ ತುಂಬಿದೆ ಎಂಬ ಫೋಟೋವನ್ನು ನೀರಿನ ಮೂಲವೆಂದು ಲಗತ್ತಿಸುವವರನ್ನು ನೋಡಿದ್ದೇವೆ. ಬೇಕಾಗಿರುವುದು ಇಷ್ಟು ಕಿಲೋಲೀಟರ್ ಕೊಡುತ್ತೇವೆ ಎಂದು ಒಂದು ಪ್ರಾಧಿಕಾರ ಸಹಿ ಹಾಕಿದ ಪತ್ರ.

ಕರೆಂಟಿನ ವಿಷಯದಲ್ಲಿ ತಪ್ಪು ತಿರುಗುಮುರುಗು. ಐದನೇ ವರ್ಷದ ಲೋಡನ್ನು ಮೊದಲ ದಿನವೇ ಕೇಳುತ್ತಾರೆ, ಬಳಸದಿದ್ದರೂ ಡಿಮ್ಯಾಂಡ್ ಚಾರ್ಜ್ ಕಟ್ಟುತ್ತಾ ಕೂರುತ್ತಾರೆ. ಒಟ್ಟು ಲೋಡಿಗೆ ಸಮಿತಿಯ ಒಪ್ಪಿಗೆ ಪಡೆದು, ಬೆಸ್ಕಾಂನಲ್ಲಿ ಹಂತ ಹಂತವಾಗಿ ಕೇಳಬೇಕು. 66 ಕೆವಿ ಬೇಕಾದಷ್ಟು ದೊಡ್ಡ ಘಟಕವಾದರೆ ಸಬ್‌ಸ್ಟೇಷನ್ನಿಗೆ ಜಾಗ ನಿಮ್ಮ ನಕ್ಷೆಯಲ್ಲೇ ಬಿಡಬೇಕು, ಲೈನು ಯಾರ್‍ಯಾರ ಹೊಲದ ಮೇಲೆ ಹಾದುಬರುತ್ತದೆ ಎಂದು ಮೊದಲೇ ನಡೆದು ನೋಡಬೇಕು. ಕಟ್ಟಡ ಎದ್ದು ನಿಂತು, ಒಂದು ಟವರಿನ ಜಾಗಕ್ಕಾಗಿ ಡೀಸೆಲ್ ಜನರೇಟರಿನಲ್ಲಿ ಟ್ರಯಲ್ ಓಡಿಸುವ ಪಾಡು ಬರಬಾರದು. ವಿದ್ಯುತ್ ಪರಿವೀಕ್ಷಣಾಲಯಕ್ಕೆ ಡ್ರಾಯಿಂಗ್ ಕೊಡುವುದು ಉಪಕರಣ ಆರ್ಡರ್ ಮಾಡುವ ಮೊದಲು. ಜರ್ಮನಿಯಿಂದ ಪ್ಯಾನೆಲ್ ಬಂದಿಳಿದ ಮೇಲೆ ಆಕ್ಷೇಪಣೆ ಬಂದರೆ ಅಳುವುದಕ್ಕೂ ಸಮಯ ಇರುವುದಿಲ್ಲ.

ಇನ್ನು ಕಂಪನಿ ಮತ್ತು ಹಣ. ಭಾರತದಲ್ಲಿ ಕಂಪನಿ ನೋಂದಣಿಯಾಗಲು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲೇ ಇರುವ ಒಬ್ಬ ನಿರ್ದೇಶಕ ಬೇಕು. ವಿದೇಶಿ ನಿರ್ದೇಶಕರ ಕಾಗದ ಅವರ ದೇಶದಲ್ಲಿ ನೋಟರಿ ಆಗಿ ಅಪೊಸ್ಟಿಲ್ (ಹೊರದೇಶದಲ್ಲಿ ನಡೆಯುವಂತೆ ಮಾಡುವ ದೃಢೀಕರಣ) ಆಗಬೇಕು. ಜಪಾನ್, ಕೊರಿಯಾದಲ್ಲಿ ಇದು ಸಲೀಸು. ತೈವಾನ್ ಅಪೊಸ್ಟಿಲ್ ಒಪ್ಪಂದದಲ್ಲಿ ಇಲ್ಲ. ಅಲ್ಲಿಯ ಕಾಗದ ತೈಪೆಯ ಭಾರತೀಯ ಕಚೇರಿ ಮೂಲಕ ದೃಢೀಕರಣವಾಗಿ ಬರಬೇಕು. ಷೇರುಹಣ ಬಂದ 60 ದಿನದೊಳಗೆ ಷೇರು ಹಂಚಬೇಕು, ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ವರದಿ ಸಲ್ಲಿಸಬೇಕು. ಕಳಿಸಿದ ಬ್ಯಾಂಕಿನಿಂದ ಕೆವೈಸಿ ತರಿಸುವುದರಲ್ಲೇ ಈ 30 ದಿನ ಕರಗುತ್ತದೆ. ಹಣ ಹೊರಟ ದಿನವೇ ಕೇಳಿಡಿ. ಮಾಲೀಕತ್ವದ ಸರಪಳಿಯಲ್ಲಿ ಎಲ್ಲೋ ಮೇಲೆ ಹಾಂಕಾಂಗ್ ಕಂಪನಿ ಕೂತಿದ್ದರೆ, 2020ರ ಏಪ್ರಿಲ್‌ನ ಪ್ರೆಸ್ ನೋಟ್ 3 (ಗಡಿ ಹಂಚಿಕೊಂಡ ನೆರೆದೇಶಗಳ ಹೂಡಿಕೆಗೆ ಸರ್ಕಾರದ ಅನುಮತಿ ಕೇಳುವ ಆದೇಶ) ಓದದೆ ಆಟೋಮ್ಯಾಟಿಕ್ ರೂಟ್ (ಪೂರ್ವಾನುಮತಿ ಬೇಡದ ದಾರಿ) ಎಂದು ಬರೆಯಬೇಡಿ.

ಈಗ ಬಂತು ಸಬ್ಸಿಡಿ. 2025-30ರ ರಾಜ್ಯ ನೀತಿಯಲ್ಲಿ ಬಂಡವಾಳದ ಮೇಲಿನ ಸಬ್ಸಿಡಿ ಅಥವಾ ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಬೆಂಗಳೂರು ನಗರ ಮತ್ತು ಗ್ರಾಮಾಂತರವನ್ನು ಬೇರೆ ವಲಯ ಮಾಡಿ ಹೊರಜಿಲ್ಲೆಗಳಿಗೆ ಹೆಚ್ಚು ಕೊಡುತ್ತಾರೆ. ಹೊಸಕೋಟೆ ದಾಟಿ ನರಸಾಪುರಕ್ಕೆ ಬಂದರೆ ಲಾಭ ಎನ್ನುವ ಲೆಕ್ಕ ಹುಟ್ಟುವುದು ಹೀಗೆ. ಯಂತ್ರಕ್ಕಿಂತ ಹೆಚ್ಚು ಜನರನ್ನು ನಂಬಿ ನಡೆಯುವ ಜೋಡಣಾ ಘಟಕಕ್ಕೆ ಬಂಡವಾಳದ ಸಬ್ಸಿಡಿ ಅಷ್ಟೇನೂ ದಕ್ಕುವುದಿಲ್ಲ. ಆಯ್ಕೆ ಮಾಡುವ ಮೊದಲು ಎರಡೂ ಬಗೆಯಲ್ಲಿ ಲೆಕ್ಕ ಹಾಕಿ. ಕೈತಪ್ಪುವುದು ಮಾತ್ರ ಸಣ್ಣ ಕಾರಣಕ್ಕೆ: ಮುದ್ರಾಂಕ ವಿನಾಯಿತಿಗೆ ಜಿಲ್ಲಾ ಕೈಗಾರಿಕಾ ಕೇಂದ್ರದ ಪ್ರಮಾಣಪತ್ರ ನೋಂದಣಿಗೆ ಮೊದಲೇ ಇರಬೇಕು, ರಿಜಿಸ್ಟರ್ ಆದ ಮೇಲೆ ತಂದರೆ ಪ್ರಯೋಜನವಿಲ್ಲ. ಮಾತೃಸಂಸ್ಥೆ ತನ್ನ ಹಳೇ ಘಟಕದಿಂದ ಬಿಚ್ಚಿ ಕಳಿಸಿದ ಸೆಕೆಂಡ್‌ಹ್ಯಾಂಡ್ ಯಂತ್ರ ಸಾಮಾನ್ಯವಾಗಿ ಸಬ್ಸಿಡಿ ಲೆಕ್ಕಕ್ಕೆ ಬಾರದು. ಆಮದಿಗೆ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಬೇರೆ ಬೇಕು. ಕೇಂದ್ರದ ಇಪಿಸಿಜಿ ಯೋಜನೆಯಲ್ಲಿ ಸುಂಕವಿಲ್ಲದೆ ಯಂತ್ರ ತರಿಸಬಹುದು, ಉಳಿತಾಯವಾದ ಸುಂಕದ 6 ಪಟ್ಟು ರಫ್ತನ್ನು 6 ವರ್ಷದಲ್ಲಿ ತೋರಿಸಬೇಕು. ಪೂರ್ತಿ ದೇಶದೊಳಗೇ ಮಾರುವ ಕಂಪನಿಗೆ ಅದನ್ನು ಹಚ್ಚಿಕೊಟ್ಟರೆ ಆರು ವರ್ಷದ ಮೇಲೆ ಬಡ್ಡಿ ಸಮೇತ ವಸೂಲಿ ಬರುತ್ತದೆ.

ಯಂತ್ರದ ಹಿಂದೆ ಜನ ಬರುತ್ತಾರೆ. ಎಂಪ್ಲಾಯ್‌ಮೆಂಟ್ ವೀಸಾಕ್ಕೆ ವರ್ಷಕ್ಕೆ ಕನಿಷ್ಠ 16.25 ಲಕ್ಷ ರೂ. ಸಂಬಳ ಇರಬೇಕು, ಅವರ ದೇಶದ ಅಡುಗೆಯವರು, ದುಭಾಷಿಗಳಂಥ ಕೆಲವರಿಗೆ ವಿನಾಯಿತಿ ಇದೆ. ಯಂತ್ರ ಕೂಡಿಸಲು ಬರುವ ತಂತ್ರಜ್ಞರಿಗೆ ಯಾವ ವರ್ಗದ ವೀಸಾ ಎಂಬ ನಿಯಮ ಆಗಾಗ ಬದಲಾಗುತ್ತದೆ, ಪ್ರತಿ ತಂಡಕ್ಕೂ ಹೊಸದಾಗಿ ನೋಡಿ. ಎರಡೇ ವಾರ ತಾನೇ ಎಂದು ಟೂರಿಸ್ಟ್ ಇ-ವೀಸಾದಲ್ಲಿ ಕರೆಸಿ ಯಂತ್ರದ ಮುಂದೆ ನಿಲ್ಲಿಸಿದರೆ ಅದು ಉಲ್ಲಂಘನೆಯೇ. 180 ದಿನಕ್ಕಿಂತ ಹೆಚ್ಚು ಅವಧಿಯ ವೀಸಾದವರು ಬಂದ 14 ದಿನದೊಳಗೆ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಬೇಕು. ಕೋಲಾರದ ಕಾರ್ಖಾನೆಯಲ್ಲಿ ಕೆಲಸ, ವಾಸ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಎಂದಾದರೆ ವಾಸದ ವಿಳಾಸವೇ ಲೆಕ್ಕ. ಅಂದರೆ ಬೆಂಗಳೂರಿನ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ವ್ಯಾಪ್ತಿ. ನರಸಾಪುರದ ಲಾಡ್ಜ್ ಅಥವಾ ಕಂಪನಿ ಗೆಸ್ಟ್‌ಹೌಸಿನಲ್ಲಿ ಒಂದು ರಾತ್ರಿ ತಂಗಿದರೂ 24 ಗಂಟೆಯೊಳಗೆ ವರದಿ ಹೋಗಬೇಕು, ಜನ 'ಸಿ ಫಾರಂ' ಎನ್ನುವುದು ಇದನ್ನೇ. ಗೆಸ್ಟ್‌ಹೌಸಿನ ಅಡುಗೆಯವರ ಮೇಲೆ ಈ ಕೆಲಸ ಬಿಟ್ಟರೆ ಆಗುವುದಿಲ್ಲ. ಇಪಿಎಫ್‌ನಲ್ಲಿ ಇವರು ಅಂತರರಾಷ್ಟ್ರೀಯ ಕೆಲಸಗಾರರು. ಜಪಾನ್, ಕೊರಿಯಾ, ಜರ್ಮನಿಯ ಜೊತೆ ಸಾಮಾಜಿಕ ಭದ್ರತಾ ಒಪ್ಪಂದ ಇರುವುದರಿಂದ ಅಲ್ಲಿಯ ಕವರೇಜ್ ಪ್ರಮಾಣಪತ್ರ ಹೊರಡುವ ಮೊದಲೇ ತಂದರೆ ಇಲ್ಲಿ ಕಟ್ಟಬೇಕಿಲ್ಲ.

ಊರಿನ ಕೆಲಸಗಾರರ ಲೆಕ್ಕವೂ ಅಷ್ಟೇ ಗಂಭೀರ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಫೋನ್ ಕಾರ್ಖಾನೆಯಲ್ಲಿ ನಡೆದ ಗಲಭೆ ಎಲ್ಲರಿಗೂ ನೆನಪಿದೆ. ಅಲ್ಪ ಕಾಲದಲ್ಲಿ ಜನ 5,000ದಿಂದ 10,500ಕ್ಕೆ ಏರಿದ್ದರು, ಹಾಜರಾತಿ ಮತ್ತು ಸಂಬಳ ನೋಡುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ ಎಂದು ಕಾರ್ಖಾನೆ ಇಲಾಖೆಯ ವರದಿ ಹೇಳಿತು. ಆದ್ದರಿಂದ ಡಿಪಿಆರ್‌ನಲ್ಲಿ ಜನರ ಸಂಖ್ಯೆ ಬರೆಯುವಾಗಲೇ ಎಷ್ಟು ಜನಕ್ಕೆ ಒಬ್ಬ ಹಾಜರಾತಿ ಗುಮಾಸ್ತ, ಓ.ಟಿ. ದೂರು ಯಾರು ಕೇಳುತ್ತಾರೆ, ಬಸ್ ಎಲ್ಲಿಂದ ಎಂದೂ ಬರೆಯಿಸುತ್ತೇವೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡಬೇಕಾದ ಹೊಣೆ ಮೂಲ ಮಾಲೀಕನದೇ, ಅಂದರೆ ಕಾರ್ಖಾನೆಯದೇ. 'ಅದು ಏಜೆನ್ಸಿ ವಿಷಯ' ಎನ್ನುವ ಉತ್ತರಕ್ಕೆ ಬೆಲೆಯಿಲ್ಲ. ಸಂಬಳದ ಚೀಟಿ ಕನ್ನಡದಲ್ಲಿರಲಿ, ಓ.ಟಿ. ಗಂಟೆ ಬೇರೆ ಸಾಲಿನಲ್ಲಿರಲಿ. ರಾತ್ರಿ ಪಾಳಿಯಲ್ಲಿ ಹೆಣ್ಣುಮಕ್ಕಳಿದ್ದರೆ ಬಸ್ ಹಳ್ಳಿಯೊಳಗೇ ಹೋಗಬೇಕು, ಹೈವೇ ಗೇಟಿನಲ್ಲಿ ಇಳಿಸಿ ಬರುವಂತಿಲ್ಲ.

ಸಿನಿಮಾದ ಬಗ್ಗೆಯೂ ಈಚೆಗೆ ಕೇಳುತ್ತಾರೆ, ಮುಖ್ಯವಾಗಿ ನಂದಿಬೆಟ್ಟದ ಸುತ್ತ. ವಿದೇಶಿ ಚಿತ್ರಕ್ಕೆ ಇಲ್ಲಿ ಮಾಡಿದ ಖರ್ಚಿನ ಶೇ. 40ರವರೆಗೆ, ಗರಿಷ್ಠ 30 ಕೋಟಿ ರೂ. ಕೇಂದ್ರ ಸರ್ಕಾರ ಮರಳಿ ಕೊಡುತ್ತದೆ. ಅರ್ಜಿ ಇಂಡಿಯಾ ಸಿನೆ ಹಬ್ ಮೂಲಕ. ಚಿತ್ರೀಕರಣಕ್ಕೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ, ಫಿಲ್ಮ್ ವೀಸಾ ಮೊದಲು. ಇಲ್ಲಿಯ ಖರ್ಚಿನ ಬಿಲ್ಲುಗಳು ಜಿಎಸ್‌ಟಿ ನಂಬರಿನೊಂದಿಗೆ ಇರಲಿ, ಚಿಕ್ಕಬಳ್ಳಾಪುರದ ಹೋಟೆಲಿನ ಬಿಳಿ ಚೀಟಿ ಲೆಕ್ಕಕ್ಕೆ ಬಾರದು. ಬೆಟ್ಟದ ತಪ್ಪಲಿನ ಭೋಗನಂದೀಶ್ವರ ದೇವಸ್ಥಾನ ಪುರಾತತ್ವ ಇಲಾಖೆಯದು, ಅದಕ್ಕೆ ಬೇರೆ ಅರ್ಜಿ. ವಿದೇಶಿ ತಂಡ ತಾನೇ ಡ್ರೋನ್ ಹಾರಿಸುವ ಹಾಗಿಲ್ಲ, ಇಲ್ಲಿಯ ಪರವಾನಗಿದಾರರನ್ನು ಗೊತ್ತು ಮಾಡಿ. ಕ್ಯಾಮೆರಾ ಸಾಮಾನನ್ನು ತಾತ್ಕಾಲಿಕವಾಗಿ ತರಲು ಎಟಿಎ ಕಾರ್ನೆಟ್ ಇದೆ, ಭಾರತದಲ್ಲಿ ಅದರ ಜಾಮೀನು ಸಂಸ್ಥೆ ಉದ್ಯಮಿಗಳ ಒಕ್ಕೂಟವಾದ ಫಿಕ್ಕಿ. ಪಟ್ಟಿಯಲ್ಲಿರುವ ಲೆನ್ಸಿನ ಸೀರಿಯಲ್ ನಂಬರಿಗೂ ಪೆಟ್ಟಿಗೆಯಲ್ಲಿರುವುದಕ್ಕೂ ಒಂದು ಅಂಕಿ ವ್ಯತ್ಯಾಸವಾದರೆ ದೇವನಹಳ್ಳಿ ಕಸ್ಟಮ್ಸ್‌ನಲ್ಲಿ ಪೆಟ್ಟಿಗೆ ನಿಲ್ಲುತ್ತದೆ, ಇಡೀ ತಂಡ ಬೆಟ್ಟದ ಮೇಲೆ ಕಾಯುತ್ತದೆ. ವಿಮಾನ ಹತ್ತುವ ಮೊದಲೇ ಪೆಟ್ಟಿಗೆ ತೆಗೆದು, ನಂಬರ್ ಓದಿ, ಫೋಟೋ ತೆಗೆಸಿ ಕಳಿಸಲು ಹೇಳಿ.