ಹೆಚ್ಚೋ ಮಣೆ ತಗೊಳ್ಳುವಾಗ ಮೊದಲು ದಪ್ಪ ನೋಡಿ

ತರಕಾರಿ ಹೆಚ್ಚೋದಕ್ಕೆ ಯಾವ ಕಟ್ಟಿಗೆ ಮಣೆ ತಗೋಬೇಕು ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳೋದು ದಪ್ಪದ ವಿಷಯ. ಒಂದು ಇಂಚಿಗಿಂತ ತೆಳ್ಳಗಿದ್ದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಆನ್‌ಲೈನ್‌ನಲ್ಲಿ 300 ರೂಪಾಯಿಗೂ ಸಿಗುತ್ತೆ, 3000ಕ್ಕೂ ಸಿಗುತ್ತೆ, ಫೋಟೋದಲ್ಲಿ ಎರಡೂ ಚೆಂದವೇ. ಆದರೆ ನಮ್ಮ ಕೊಪ್ಪಳದ ಬೇಸಿಗೆಗೆ ಯಾವುದು ನೆಟ್ಟಗೆ ನಿಲ್ಲುತ್ತೆ ಅನ್ನೋದು ಫೋಟೋದಲ್ಲಿ ಕಾಣಲ್ಲ.

ಏಪ್ರಿಲ್, ಮೇ ಬಂತೆಂದರೆ ಇಲ್ಲಿ 40 ಡಿಗ್ರಿ ದಾಟುತ್ತೆ, ರಾಯಚೂರು ಬಳ್ಳಾರಿ ಕಡೆಯೂ ಅಷ್ಟೇ, ಗಾಳಿಯಲ್ಲಿ ಪಸೆಯೇ ಇರಲ್ಲ. ಮರ ನೀರು ಕುಡಿದರೆ ಹಿಗ್ಗುತ್ತೆ, ಒಣಗಿದರೆ ಕುಗ್ಗುತ್ತೆ. ಉದ್ದಕ್ಕಲ್ಲ, ಅಗಲಕ್ಕೆ. ಮಣೆ ತೊಳೆದು ಹಾಗೇ ಕಟ್ಟೆ ಮೇಲೆ ಮಲಗಿಸಿಟ್ಟರೆ ಕೆಳಗಿನ ಮಗ್ಗುಲು ಒದ್ದೆಯಾಗಿ ಹಿಗ್ಗಿರುತ್ತೆ, ಮೇಲಿನದು ಬಿಸಿಗಾಳಿಗೆ ಒಣಗಿ ಕುಗ್ಗುತ್ತೆ, ಆಗ ಮಣೆ ಡೊಂಕಾಗದೆ ಇನ್ನೇನಾಗುತ್ತೆ? ದಪ್ಪ ಮಣೆ ಇದನ್ನು ತಡ್ಕೊಳ್ಳುತ್ತೆ. ಇನ್ನೊಂದು ಲಾಭವೂ ಇದೆ. ಕೆಲವು ವರ್ಷಕ್ಕೆ ಮೇಲೆಲ್ಲ ಚಾಕುವಿನ ಗೀರು ಬಿದ್ದಾಗ ಬಡಿಗೇರ ಹತ್ತಿರ ಒಯ್ದು ರಂಧಾ ಹೊಡೆಸಿ ಮೇಲಿನ ಪದರ ತೆಗೆಸಿದರೆ ಹೊಸದರ ಹಾಗೆ ಆಗುತ್ತೆ. ತೆಳ್ಳಗಿನದನ್ನು ಹಾಗೆ ಹೊಡೆಸಲು ಉಳಿಯೋದೇನು?

ಗ್ರಾನೈಟ್ ಕಟ್ಟೆ ಮೇಲೇ ಹೆಚ್ಚುವವರು ನಮ್ಮ ಕಡೆ ಜಾಸ್ತಿ. ಕುಷ್ಟಗಿ, ಇಳಕಲ್ ಕಲ್ಲು ಹತ್ತಿರದಲ್ಲೇ ಸಿಗೋದರಿಂದ ಎಲ್ಲರ ಮನೆಯಲ್ಲೂ ಅದೇ ಕಟ್ಟೆ. ಆದರೆ ಚಾಕು ಎರಡು ವಾರಕ್ಕೆ ಮೊಂಡಾಗುತ್ತೆ, ಗಾಜಿನ ಬೋರ್ಡ್ ಮೇಲೂ ಇದೇ ಕಥೆ. ಮೊಂಡು ಚಾಕುವಿನಿಂದ ಉಳ್ಳಾಗಡ್ಡಿ ಹೆಚ್ಚಿದರೆ ಜಾರುತ್ತೆ, ಬೆರಳಿಗೆ ಅಪಾಯ.

ಈಗ ಮರ. ಮಟನ್ ಅಂಗಡಿಯಲ್ಲಿ ಹುಣಸೆ ಕೊರಡು ನೋಡಿರುತ್ತೀರಿ ಅಲ್ವಾ, ಅದರ ಮೇಲೆ ಸ್ವಲ್ಪ ಬಗ್ಗಿ ನೋಡಿ. ಮರವನ್ನು ಅಡ್ಡ ಕೊಯ್ದು ನಿಲ್ಲಿಸಿರುತ್ತಾರೆ, ಉಂಗುರಗಳು ಮೇಲೆ ಕಾಣುತ್ತವೆ, ಎಳೆಗಳ ತುದಿ ಆಕಾಶ ನೋಡುತ್ತಿರುತ್ತೆ. ಕತ್ತಿ ಬಿದ್ದರೆ ಎಳೆ ತುಂಡಾಗಲ್ಲ, ಎಳೆಗಳ ಸಂದಿಗೆ ಇಳಿದು ಹೊರಬರುತ್ತೆ. ವರ್ಷಗಟ್ಟಲೆ ಏಟು ತಿಂದರೂ ಕೊರಡು ಬಾಳಿಕೆ ಬರೋದಕ್ಕೆ ಇದೂ ಕಾರಣ. ಅಂಥದೇ ಮಣೆಗಳು ಮಾರಾಟಕ್ಕೂ ಇವೆ, ಚೌಕಾಕಾರದ ಸಣ್ಣ ಸಣ್ಣ ತುಂಡು ಅಂಟಿಸಿ ಮಾಡಿರುತ್ತಾರೆ. ಚಾಕುವಿಗೆ ತುಂಬಾ ಒಳ್ಳೆಯದು. ಆದರೆ ದುಬಾರಿ, ಭಾರ, ಮತ್ತೆ ನಮ್ಮ ಒಣ ಬಿಸಿಲಿಗೆ ಎಣ್ಣೆ ಹಚ್ಚೋದು ತಪ್ಪಿದರೆ ಬಿರುಕು. ಮನೆಗೆ ಇದು ಬೇಕಿಲ್ಲ ಅನ್ನೋದೇ ನನ್ನ ಅಭಿಪ್ರಾಯ. ಎಳೆ ಉದ್ದಕ್ಕೆ ಹೋಗಿರೋ ಪಟ್ಟಿಗಳನ್ನು ಸೇರಿಸಿದ ಮಣೆ ಸಾಕು.

ಸಾಗವಾನಿ ನನ್ನ ಮೊದಲ ಆಯ್ಕೆ. ಮರದಲ್ಲೇ ಎಣ್ಣೆ ಇರುತ್ತೆ, ನೀರಿಗೆ ಬೇಗ ಬಗ್ಗಲ್ಲ. ಚಾಕುವಿನ ಮೊನೆ ಸ್ವಲ್ಪ ಬೇಗ ಹೋಗುತ್ತೆ, ಯಾಕಂದರೆ ಅದರೊಳಗೆ ಸಿಲಿಕಾ ಅನ್ನೋ ಮರಳಿನಂಥ ಗಟ್ಟಿ ವಸ್ತು ಇದೆ. ಅದನ್ನು ನಾನು ಲೆಕ್ಕಕ್ಕೆ ಇಡಲ್ಲ. ಬೇವು ಅಗ್ಗ, ಹೊಸದರಲ್ಲಿ ವಾಸನೆ ಬರುತ್ತೆ, ಆಮೇಲೆ ಹೋಗುತ್ತೆ. ಬಳ್ಳಾರಿ ಜಾಲಿಯನ್ನು ಸುಮ್ನೆ ಒಲೆಗೆ ಹಾಕುತ್ತೇವೆ, ಆದರೆ ಅದು ಗಟ್ಟಿ ಮರ, ಒಣಗಿದಾಗ ಕುಗ್ಗೋದೂ ಕಡಿಮೆ. ಬೊಡ್ಡೆ ಸೊಟ್ಟ, ಅಗಲ ಹಲಗೆ ಸಿಗಲ್ಲ, ಸಣ್ಣ ಮಣೆಗೆ ಮಾತ್ರ ಆದೀತು. ಕಿನ್ನಾಳದ ಗೊಂಬೆ ಮಾಡೋ ಮರ ಹಗುರ, ಮೆದು. ಕೆತ್ತನೆಗೆ ಹೇಳಿ ಮಾಡಿಸಿದ್ದು, ಚಾಕುವಿಗೆ ಅಲ್ಲ. ಬಿದಿರಿನ ಬೋರ್ಡ್ ಅಗ್ಗ ಹೌದು, ಆದರೆ ತುಂಬಾ ಪಟ್ಟಿ, ತುಂಬಾ ಅಂಟು. ಕೀಲು ಬಿಟ್ಟಲ್ಲಿ ನೀರು ಹೊಕ್ಕರೆ ಕಪ್ಪು ಬೂಸು ಹಿಡಿಯುತ್ತೆ.

ದುಡ್ಡು ಉಳಿಸಬೇಕಂದರೆ ಬಾಗಿಲು ಚೌಕಟ್ಟು ಮಾಡೋ ಬಡಿಗೇರ ಅಂಗಡಿಗೆ ಹೋಗಿ. ಮೂಲೆಯಲ್ಲಿ ಸಾಗವಾನಿ ತುಂಡು ಬಿದ್ದಿರುತ್ತವೆ. ನಾನು ಹೋದಾಗ ಚೆಂದ ಕಂಡ ಒಂದು ಹಲಗೆ ಎತ್ತಿಕೊಂಡೆ. ಅಲ್ಲಿದ್ದ ಹಿರಿಯರು ಅದನ್ನು ಕೈಯಲ್ಲಿ ತೂಗಿ, ಬೆರಳಿನಿಂದ ಬಡಿದು, "ಬ್ಯಾಡ್ರಿ ಅಕ್ಕಾರ, ಇದು ಇನ್ನಾ ಹಸಿ ಐತಿ, ಬ್ಯಾಸಗಿಗೆ ಸೀಳತೈತಿ" ಅಂದರು. ಒಣಗಿದ್ದನ್ನು ಬಡಿದರೆ ಠಣ್ ಅನ್ನುತ್ತೆ, ಹಸಿಯದು ಮಂದ. ಅವರೇ ಬೇರೆ ತುಂಡು ಆರಿಸಿ, ಅಂಚು ಉಜ್ಜಿ ಕೊಟ್ಟರು. ಹಳೆ ಬಾಗಿಲಿನ ಬಣ್ಣ ಬಳಿದ ಕಟ್ಟಿಗೆ ಮಾತ್ರ ಬೇಡವೇ ಬೇಡ, ಹಳೆ ಬಣ್ಣದಲ್ಲಿ ಸೀಸ ಇರಬಹುದು. ಪ್ಲೈವುಡ್ಡೂ ಬೇಡ. ಅಂಗಡಿಯಲ್ಲಿ ಕೊಳ್ಳುವಾಗ ಸಪಾಟು ಜಾಗದ ಮೇಲಿಟ್ಟು ನಾಲ್ಕು ಮೂಲೆ ಒತ್ತಿ ನೋಡಿ, ಅಲುಗಾಡಿದರೆ ಬಿಡಿ.

ಮರದ ಮಣೆಯಲ್ಲಿ ಕ್ರಿಮಿ ಸೇರುತ್ತೆ, ಪ್ಲಾಸ್ಟಿಕ್ ಒಳ್ಳೆಯದು ಅನ್ನುವವರು ಇದ್ದಾರೆ. ಅಮೆರಿಕದ ಆಹಾರ ವಿಜ್ಞಾನಿ ಡೀನ್ ಕ್ಲೈವರ್ ತಂಡ 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿತ್ತು. ಮರದ ಒಳಗೆ ಇಳಿದ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚಾಗದೆ ಕ್ರಮೇಣ ಸತ್ತವು, ಗೀರು ಬಿದ್ದ ಹಳೆ ಪ್ಲಾಸ್ಟಿಕ್ಕನ್ನು ಕೈಯಲ್ಲಿ ತೊಳೆದು ಸ್ವಚ್ಛ ಮಾಡೋದೇ ಕಷ್ಟವಾಯಿತು. ಹಾಗಂತ ಹಸಿ ಮಾಂಸ, ಮೀನಿಗೂ ಸವತೆಕಾಯಿಗೂ ಒಂದೇ ಮಣೆ ಬಳಸಬೇಡಿ. ಬೇರೆ ಬೇರೆ ಇರಲಿ.

ತಂದ ಮೇಲೆ ಎಣ್ಣೆ ಹಚ್ಚಬೇಕು. ಶೇಂಗಾ, ಕುಸುಬಿ ಎಣ್ಣೆ ಬೇಡ, ಅಂಟಂಟಾಗಿ ಕಮಟು ವಾಸನೆ ಬರುತ್ತೆ. ಮೆಡಿಕಲ್ ಶಾಪಲ್ಲಿ ಲಿಕ್ವಿಡ್ ಪ್ಯಾರಾಫಿನ್ (ಬಣ್ಣ, ವಾಸನೆ ಇಲ್ಲದ ಖನಿಜ ಎಣ್ಣೆ) ಕೇಳಿ, ಬೇರೆ ಔಷಧಿ ಬೆರೆಸದ್ದೇ ಬೇಕು ಅಂತ ಹೇಳಿ. ಎರಡೂ ಮಗ್ಗುಲು, ಅಂಚಿಗೂ ಸವರಿ ಒಂದು ರಾತ್ರಿ ಬಿಟ್ಟು ಒರೆಸಿದರೆ ಆಯಿತು. ತೊಳೆದಾಗಲೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿ, ಬಿಸಿಲಿಗೆ ಇಡಬೇಡಿ. ಆಗಾಗ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಹನಿ ಗುಂಡಗೆ ನಿಂತರೆ ಎಣ್ಣೆ ಇನ್ನೂ ಇದೆ, ಮರ ಹೀರಿಕೊಂಡರೆ ಮತ್ತೆ ಹಚ್ಚಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬೇಕಾಗುತ್ತೆ, ಮಳೆಗಾಲದಲ್ಲಿ ಅಷ್ಟು ಬೇಡ.