ತೋಮನ ಎಂಟು ದಿನಗಳು

ಧಾರವಾಡ, 14 ಜುಲೈ 2024, ಭಾನುವಾರ ರಾತ್ರಿ

ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಹೇಳುವ ದೃಢೀಕರಣಕ್ಕೆಂದು ಚರ್ಚಿನಲ್ಲಿ ನಾನು ನಡೆಸುವ ತರಗತಿ ಮುಗಿದು ಉಳಿದ ಹತ್ತು ಮಕ್ಕಳು ಮಳೆಯಲ್ಲೇ ಮನೆಗೆ ಹೊರಟ ಮೇಲೂ ಅವಳೊಬ್ಬಳು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುವ ನೆವದಲ್ಲಿ ಹಿಂದೆ ಉಳಿದಳು. ಮನಸ್ಸಿನಲ್ಲಿ ಮಾತಿರುವ ಮಕ್ಕಳು ಹೀಗೆಯೇ ಯಾವುದಾದರೊಂದು ಕೆಲಸಕ್ಕೆ ಕೈಹಚ್ಚುತ್ತಾರೆ. ಬಾಗಿಲನ್ನು ಪೂರ್ತಿ ತೆರೆದಿಟ್ಟು ನಾನೂ ಕುರ್ಚಿ ಜೋಡಿಸತೊಡಗಿದೆ.

“ಅಕ್ಕಾ, ನಂಬತೀನಿ ಅಂತ ಎಲ್ಲಾರ ಮುಂದ ಹೇಳಬೇಕಾದ್ರ ಖರೇನ ನಂಬಿರಬೇಕಲ್ರಿ?”

ವಿಶ್ವಾಸ ಪ್ರಮಾಣವು ಅವಳಿಗೆ ಸಂಡೇ ಸ್ಕೂಲಿನ ದಿನಗಳಿಂದ ಬಾಯಿಪಾಠ. ಈಚೆಗೆ ಆರಾಧನೆಯಲ್ಲಿ ಸಭೆಯೆಲ್ಲ ಎದ್ದುನಿಂತು ಅದನ್ನು ಹೇಳುವಾಗ, ದೇಹದ ಪುನರುತ್ಥಾನದ, ಎಂದರೆ ಸತ್ತವರು ಮತ್ತೆ ಎದ್ದು ಬರುವರೆಂಬ ಮಾತು ಬಂದೊಡನೆ ಅವಳ ದನಿ ನಿಂತು ತುಟಿ ಮಾತ್ರ ಆಡುತ್ತದಂತೆ. ಅಜ್ಜನಿಗೆ ಮಣ್ಣು ಕೊಟ್ಟು ಬಂದ ಮೇಲೆ ಹೀಗಾಗಿದೆ.

ಅವಳ ಮಾತು ಮುಗಿಯುವ ಮೊದಲೇ ನಾನು ಉತ್ತರ ಕೊಟ್ಟುಬಿಟ್ಟೆ. ಪ್ರಾರ್ಥನೆ ಮಾಡು, ಬೈಬಲಿನಲ್ಲಿ ಪುನರುತ್ಥಾನದ ಕುರಿತೇ ಇರುವ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯ ಓದು ಎಂದೆ. “ಓದೀನ್ರಿ ಅಕ್ಕಾ” ಎಂದಷ್ಟೇ ಹೇಳಿ ಮತ್ತೊಂದು ಕುರ್ಚಿ ಎತ್ತಿದಳು. ಆ ಎರಡು ಮಾತು ಈಗಲೂ ನನ್ನನ್ನು ಚುಚ್ಚುತ್ತಿವೆ. ಅಜ್ಜನ ವಿಷಯ ಹೇಳು ಎಂದು ಮೊದಲೇ ಕೇಳಬೇಕಿತ್ತು, ತಡವಾಗಿ ಕೇಳಿದೆ. ಆಮೇಲೆ ಅವಳು ಬಹಳ ಹೊತ್ತು ಮಾತನಾಡಿದಳು. ಅವಳಿಗೆ ಇನ್ನೂ ಓದಲು ಬಾರದ ವಯಸ್ಸಿನಲ್ಲಿ ಅಜ್ಜ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚರ್ಚಿನ ಹಾಡುಗಳಿರುವ ಸಂಗೀತ ಪುಸ್ತಕದ ಸಾಲುಗಳ ಮೇಲೆ ಬೆರಳಾಡಿಸುತ್ತ ಹಾಡುತ್ತಿದ್ದರಂತೆ.

ದೃಢೀಕರಣಕ್ಕೆಂದು ಮನೆಯಲ್ಲಿ ಬಿಳಿ ಸೀರೆ ತಂದಾಗಿದೆ, ಗದಗಿನ ಬಂಧುಗಳಿಗೆ ಹೇಳಿಯೂ ಆಗಿದೆ. ಅಮ್ಮನಿಗೆ ಹೇಳಬೇಡಿ ಎಂದು ಕೈಹಿಡಿದು ಕೇಳಿಕೊಂಡಳು. ಶಿಶುವಾಗಿದ್ದಾಗ ಅವಳ ದೀಕ್ಷಾಸ್ನಾನದಲ್ಲಿ ಹೆತ್ತವರು ಆಡಿದ ಮಾತನ್ನು ಈಗ ಅವಳೇ ತನ್ನ ಬಾಯಿಂದ ಆಡುವುದಲ್ಲವೇ ದೃಢೀಕರಣ? ಹಾಗಿರುವಾಗ ಆ ಮಾತಿಗೆ ಇಷ್ಟು ತೂಕ ಕೊಟ್ಟವಳು ನನ್ನ ತರಗತಿಯಲ್ಲಿ ಅವಳೊಬ್ಬಳೇ ಎನ್ನಿಸುತ್ತದೆ. ಹೋದ ವರ್ಷ ಒಂದು ಮಾತೂ ತಪ್ಪದೆ ಒಪ್ಪಿಸಿದ ಒಂಬತ್ತು ಮಕ್ಕಳಲ್ಲಿ ಈಗ ಯೌವನಸ್ಥರ ಕೂಟಕ್ಕೆ ಬರುವವರು ಮೂವರು. ಉಳಿದ ಆರು ಮಂದಿಯಲ್ಲಿ ಯಾರಾದರೂ ಹೀಗೆ ಕುರ್ಚಿ ಜೋಡಿಸುತ್ತ ನಿಂತಿದ್ದು, ನಾನು ಗಡಿಬಿಡಿಯಲ್ಲಿ ದೀಪ ಆರಿಸಿ ಹೊರಟಿದ್ದೆನೋ ಏನೋ.

ಊಟವಾದ ಮೇಲೆ ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯವನ್ನು ತೆರೆದೆ. ಯೇಸು ಸತ್ತು ಮತ್ತೆ ಎದ್ದನೆಂಬುದನ್ನು ಅವನ ಗಾಯಗಳನ್ನು ಮುಟ್ಟಿ ನೋಡದೆ ನಂಬೆನೆಂದ ಶಿಷ್ಯ ತೋಮನು ಎಂಟು ದಿನಗಳ ನಂತರವೂ ಉಳಿದ ಶಿಷ್ಯರ ಜೊತೆಯಲ್ಲೇ ಇದ್ದನು. ಆ ಎಂಟು ದಿನ ಅವರು ಅವನೊಡನೆ ಏನು ಮಾತನಾಡಿದರೆಂದು ಸುವಾರ್ತೆ ಹೇಳುವುದಿಲ್ಲ. ಮುಚ್ಚಿದ ಬಾಗಿಲ ಒಳಗೆ ಅವನಿಗೂ ಜಾಗವಿತ್ತು ಎಂಬುದಷ್ಟೇ ತಿಳಿಯುತ್ತದೆ. ಇದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ, ಆದರೆ ಪ್ರತಿ ಸಲವೂ ತೋಮನನ್ನೇ ನೋಡುತ್ತಿದ್ದೆ, ಉಳಿದವರನ್ನು ನೋಡಿರಲಿಲ್ಲ.

ಸಭೆಯ ಪಾಲಕರಾದ ಅಯ್ಯನವರಿಗೆ ತಿಳಿಸಬೇಕೆಂಬುದು ನಿಜ, ಆದರೆ ಅವಳನ್ನು ಕೇಳದೆ ತಿಳಿಸಲಾರೆ. ದೃಢೀಕರಣವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು, ಅದರಿಂದ ಸಭೆಗೆ ಯಾವ ಕುಂದೂ ಇಲ್ಲ ಎಂದು ಅವಳಿಗೆ ಹೇಳಲೇ? ಹಾಗೆಂದರೆ ದೂರ ತಳ್ಳಿದರೆಂದು ಅವಳಿಗೆ ಅನ್ನಿಸೀತೇ? ಬರುವ ಭಾನುವಾರ ಪ್ರಭು ಭೋಜನದ, ಎಂದರೆ ಸಭೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯ ಪಾಠವಿದೆ. ಬರುತ್ತೇನೆ ಎಂದಿದ್ದಾಳೆ. ಅಜ್ಜನ ಸಂಗೀತ ಪುಸ್ತಕವನ್ನು ಜೊತೆಗೆ ತಾ ಎಂದು ನಾಳೆ ಫೋನ್ ಮಾಡಿ ಹೇಳಬೇಕು, ಇಲ್ಲವೇ ಅದು ಕೂಡ ಅವಸರವಾದೀತೇ?